ದೊಡ್ಡಪ್ಪನ ಪರದೇಶಗಳು

ಮೊದಲಿಗೇ ಓದುಗರ ಕ್ಷಮೆ ಬೇಡುತ್ತೇನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿ ಪದವಿ ಪಡೆದವನು ನಾನೊಬ್ಬನೇ. ಹೀಗಾಗಿ ನನ್ನ ವಾಕ್ಯ ಎಲ್ಲಿಯಾದರೂ ಎಡವಿದರೆ ಹಿಡಿದು ನಿಲ್ಲಿಸಲು ಮನೆಯಲ್ಲಿ ಮತ್ತೊಬ್ಬರಿಲ್ಲ. ನಮ್ಮವರೆಲ್ಲ ನೂಲಿನ ತಪ್ಪನ್ನು ಕಣ್ಣು ಮುಚ್ಚಿಕೊಂಡು ಬೆರಳಿನಿಂದಲೇ ಕಂಡುಹಿಡಿಯುವವರು. ಅಕ್ಷರದ ತಪ್ಪು ಅವರ ಬೆರಳಿಗೆ ಸಿಗದು. ಇನ್ನೊಂದು ಕೊರತೆಯನ್ನೂ ಈಗಲೇ ಹೇಳಿಬಿಡುವುದು ಯೋಗ್ಯ. ಈ ಪ್ರಬಂಧವನ್ನು ನಗುತ್ತ ಆರಂಭಿಸುತ್ತೇನೆ. ಕೊನೆಯವರೆಗೂ ನಗುತ್ತೇನೆಂದು ಮಾತು ಕೊಡಲಾರೆ.

ನಮ್ಮ ದೊಡ್ಡಪ್ಪ ಮೂರು ಪರದೇಶಗಳನ್ನು ಸುತ್ತಿ ಬಂದವರು! ಹಡಗನ್ನು ಕಂಡವರಲ್ಲ, ಸಮುದ್ರದ ನೀರು ಉಪ್ಪೆಂಬುದನ್ನೂ ಅವರು ಪೂರ್ತಿ ನಂಬಿರಲಿಲ್ಲ. ಆದರೂ ಮೂರು ಪರದೇಶ ಸುತ್ತಿದ್ದು ಸತ್ಯ, ಮತ್ತು ಮೋಟಾರು ಸಮಯಕ್ಕೆ ಸಿಕ್ಕರೆ ಸಂಜೆಯ ರೊಟ್ಟಿಗೆ ಬೆಟಗೇರಿಯ ಮನೆಗೇ ಹಿಂದಿರುಗುತ್ತಿದ್ದುದೂ ಸತ್ಯ.

ಇದು ಹೇಗೆ ಸಾಧ್ಯ ಎಂದು ಇಂದಿನ ಹುಡುಗರು ಕೇಳಬಹುದು. ಕೇಳಲೇಬೇಕು. ಆ ಕಾಲದಲ್ಲಿ ನಮ್ಮ ಗದಗ-ಬೆಟಗೇರಿ ಮುಂಬಯಿ ಸರಕಾರದ್ದು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಅದರ ಮಗ್ಗುಲಲ್ಲೇ ಇದ್ದ ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಮುಂಡರಗಿ ಮತ್ತೆ ಮುಂಬಯಿಯದೇ. ಅದನ್ನು ದಾಟಿ ಮೂಡಣಕ್ಕೆ ನಡೆದರೆ ನಿಜಾಮನ ರಾಜ್ಯ, ಅಲ್ಲಿ ನಾಣ್ಯವೂ ಬೇರೆ. ಮಣ್ಣು ಎಲ್ಲ ಕಡೆಗೂ ಒಂದೇ ಕಪ್ಪು, ಮಾತೂ ಒಂದೇ, ರೊಟ್ಟಿಯೂ ಒಂದೇ. ಆದರೆ ದೊಡ್ಡಪ್ಪನ ದೃಷ್ಟಿಯಲ್ಲಿ ಅವೆಲ್ಲ ಪರದೇಶಗಳು, ಮತ್ತು ಪರದೇಶಗಳಲ್ಲಿ ವಾಸಿಸುವವರೆಲ್ಲ ಠಕ್ಕರು!

ನನ್ನ ತಂದೆ ಬೇಗ ತೀರಿಕೊಂಡಿದ್ದರಿಂದ ಮಗ್ಗಕ್ಕೂ ಮನೆಗೂ ದೊಡ್ಡಪ್ಪನೇ ಯಜಮಾನರು. ಅವರು ಮದುವೆಯಾಗಲಿಲ್ಲ. ಹೆಣ್ಣು ತೋರಿಸಲು ಬಂದ ಮಧ್ಯಸ್ಥಗಾರ ಕನ್ಯೆಯನ್ನು ಬಹಳವಾಗಿ ಹೊಗಳಿದನಂತೆ. "ಅಷ್ಟು ಛಲೋ ಇದ್ರ ನಮಗ್ಯಾಕ ಕೊಡತಾರ? ಏನೋ ಮೋಸ ಐತಿ" ಎಂದು ದೊಡ್ಡಪ್ಪ ಅಲ್ಲಿಂದಲೇ ಎದ್ದು ಬಂದರಂತೆ. ಮುಂದೆ ಬಂದ ಮಧ್ಯಸ್ಥಗಾರ ಬುದ್ಧಿವಂತ. ಅವನು ಕನ್ಯೆಯನ್ನು ಹೊಗಳಲೇ ಇಲ್ಲ. "ಇಂವಾ ಏನೋ ಮುಚ್ಚಿಡಾಕತ್ತಾನ" ಎಂದು ದೊಡ್ಡಪ್ಪ ಅವನನ್ನೂ ಎಬ್ಬಿಸಿ ಕಳಿಸಿದರು!

ಸೀರೆ ಮಾರಲು ಲಕ್ಷ್ಮೇಶ್ವರಕ್ಕೆ ಹೊರಟರೆಂದರೆ ಮನೆಯಲ್ಲಿ ದಂಡಯಾತ್ರೆಯ ಸಿದ್ಧತೆ. ಹೊಸ ಸೀರೆಗಳನ್ನು ಹರಕು ಕೌದಿಯಲ್ಲಿ ಸುತ್ತುವರು. ಕಳ್ಳರು ಮೂಸಿಯೂ ನೋಡಬಾರದೆಂದು ಅದರ ಮೇಲೆ ಕೊಳೆತ ಉಳ್ಳಾಗಡ್ಡಿಯ ಗಂಟು ಕಟ್ಟುವರು. ಒಮ್ಮೆ ಸುಂಕದ ನಾಕಾದಲ್ಲಿ ಸಿಪಾಯಿ ತಡೆದ.

"ಏನೈತಿ ಇದರಾಗ?"

"ಏನಿಲ್ರಿ ಸಾಹೇಬ್ರ, ನಮ್ಮ ಮುದುಕಿ ಹಾಸಿಗಿ. ಆಕಿಗೆ ಮೈತುಂಬ ಹುಣ್ಣಾಗಿದ್ದುವು."

ಸಿಪಾಯಿ ಹಾರಿ ಹಿಂದೆ ಸರಿದ. ದೊಡ್ಡಪ್ಪ ಮೀಸೆಯಲ್ಲಿ ನಕ್ಕರು. ಆದರೆ ಸಿಪಾಯಿಯೂ ಕರ್ತವ್ಯನಿಷ್ಠ! "ಹಂಗಾರ ಊರಾಗ ಒಯ್ಯಂಗಿಲ್ಲ, ರೋಗ ಹರಡತೈತಿ. ಇಲ್ಲೇ ಸುಡೂಣು, ಕಡ್ಡಿಪೆಟಗಿ ತಾರಲೇ!" ಎಂದು ಒಳಗೆ ಕೂಗಿದ. ದೊಡ್ಡಪ್ಪ ಅವನ ಕಾಲು ಹಿಡಿದು, ಮುದುಕಿಯೂ ಇಲ್ಲ, ಹುಣ್ಣೂ ಇಲ್ಲ ಎಂದು ಒಪ್ಪಿಕೊಂಡು, ಸುಂಕವನ್ನೂ ತಪ್ಪುಕಾಣಿಕೆಯನ್ನೂ ತೆತ್ತು ಊರೊಳಗೆ ಹೋದರು. ಅಲ್ಲಿ ಅಂಗಡಿಕಾರ ಸೀರೆಯನ್ನು ಬಿಚ್ಚಿ ಮೂಗು ಹಿಡಿದುಕೊಂಡು ಕೇಳಿದನಂತೆ: "ಯಜಮಾನ್ರ, ಇದನ್ನ ಉಡಬೇಕೋ, ಒಗ್ಗರಣಿ ಹಾಕಬೇಕೋ?"

ಶಿರಹಟ್ಟಿಯ ಪ್ರಸಂಗ ಇನ್ನೂ ಸೊಗಸಾದದ್ದು. ಮಠದ ಮುಂದೆ ಒಬ್ಬ ಮನುಷ್ಯ ಕೈಮುಗಿದು, "ಏನ್ರಿ ಮಾವಾ, ಆರಾಮದೀರೇನು? ನಾನ್ರಿ, ಕುರ್ತಕೋಟಿಯವ. ಬರ್ರಿ ಮನಿಗೆ, ಇಲ್ಲೇ ನಮ್ಮಕ್ಕನ ಮನಿ, ಹೋಳಿಗಿ ಮಾಡ್ಯಾರ" ಎಂದ. ದೊಡ್ಡಪ್ಪ ಗಂಟನ್ನು ಎದೆಗೆ ಅವಚಿಕೊಂಡು ಪರೀಕ್ಷೆ ಆರಂಭಿಸಿದರು.

"ನೀ ಖರೇನ ಬಳಗದಾಂವ ಇದ್ರ ಹೇಳು. ನಮ್ಮಜ್ಜಿ ಯಾವ ಕಣ್ಣಿಲೆ ಕುರುಡಿ ಇದ್ಳು?"

"ಅಜ್ಜಿ ಕುರುಡಿ ಎಲ್ಲಿದ್ಳ್ರಿ? ಸಾಯೂತನಕ ಸೂಜಿಗೆ ದಾರ ಪೋಣಸ್ತಿದ್ಳು."

ಉತ್ತರ ಸಂಪೂರ್ಣ ಸರಿಯಾಗಿತ್ತು. ಹಾಗಾದರೆ ದೊಡ್ಡಪ್ಪ ಹೋಳಿಗೆ ಉಂಡು ಬಂದರೇ? ಇಲ್ಲ! "ಇಷ್ಟೆಲ್ಲಾ ತಿಳಕೊಂಡು ಬಂದಾನಂದ್ರ ಸಣ್ಣ ಠಕ್ಕ ಅಲ್ಲ" ಎಂದು ಮನಸ್ಸಿನಲ್ಲೇ ತೀರ್ಮಾನಿಸಿ, ಮಾರಾಟವನ್ನೂ ಮರೆತು ಹಿಂದಿರುಗಿದರು. ಆ ಮನುಷ್ಯ ನಿಜವಾಗಿಯೂ ನಮ್ಮ ಬಳಗದವನೇ. ಆ ಹೋಳಿಗೆಯ ವಿಷಯ ಕುರ್ತಕೋಟಿಯ ಮದುವೆಗಳಲ್ಲಿ ಇಂದಿಗೂ ಪಂಕ್ತಿಯ ತುಂಬ ಹರಿದಾಡುತ್ತದೆ.

"ಯಾಕ ಬಂದ್ರಿ, ಅವನಿಗೆ ಏನಂತ ಹೇಳಿದ್ರಿ?" ಎಂದು ಅವ್ವ ಕೇಳಿದಾಗ ದೊಡ್ಡಪ್ಪ ಕೊಟ್ಟ ಉತ್ತರವನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. "ಏನೂ ಹೇಳಲಿಲ್ಲವಾ. ಠಕ್ಕನಿಗೆ ತಾ ಎಲ್ಲಿ ಸಿಕ್ಕಬಿದ್ದೆ ಅನ್ನೂದು ಗೊತ್ತಾಗಬಾರದು. ಗೊತ್ತಾತಂದ್ರ ನಾಳೆ ಅದನ್ನ ತಿದ್ದಿಕೊಂಡು ಬರತಾನ." ಇದು ಅವರ ಎಲ್ಲ ನಿಯಮಗಳಿಗೂ ತಾಯಿನಿಯಮ.

ನಾನು ಓದಲು ಧಾರವಾಡಕ್ಕೆ ಹೊರಟಾಗಲೂ ನಿಯಮಗಳ ಉಪದೇಶವಾಯಿತು. ಧಾರವಾಡ ನಮ್ಮ ಸರಕಾರದ್ದೇ ಎಂದೆ. "ನಮ್ಮ ಓಣಿ ದಾಟಿದ ಮ್ಯಾಲೆ ಎಲ್ಲಾ ಒಂದ. ಯಾರು ಹೆಸರು ಕೇಳಿದ್ರೂ ಹೇಳಬ್ಯಾಡ" ಎಂದರು. ಮೊದಲೇ ಅಂಜುಬುರುಕನಾದ ನಾನು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತರು ಹೆಸರು ಕೇಳಿದಾಗ, "ತಾವು ಯಾರೆಂದು ತಿಳಿಯಬಹುದೇ?" ಎಂದು ಗ್ರಾಂಥಿಕ ಕನ್ನಡದಲ್ಲಿ ವಿಚಾರಿಸಿದೆ. ಅವರು ಕನ್ನಡಕ ತೆಗೆದು ನನ್ನನ್ನು ಬಹಳ ಹೊತ್ತು ನೋಡಿದರು. ಪ್ರವೇಶ ದೊರೆಯಿತು, ಗೌರವ ದೊರೆಯಲು ಮಾತ್ರ ಒಂದು ವರ್ಷ ಹಿಡಿಯಿತು.

ಇಷ್ಟೊಂದು ಸಂಶಯದ ಮನುಷ್ಯನಿಗೆ ಜಗತ್ತಿನಲ್ಲಿ ನಂಬಿಕೆಯ ಜೀವ ಯಾವುದೂ ಇರಲಿಲ್ಲವೇ? ಇತ್ತು. ಅವರ ತಂಗಿ, ನನ್ನ ಅತ್ತೆ.

ಅತ್ತೆಗೆ ತಾಯಿ ಇಲ್ಲದ ಕಾಲದಿಂದ ದೊಡ್ಡಪ್ಪನೇ ತಾಯಿ. ಅವರು ಮಗ್ಗದ ಕುಣಿಯಲ್ಲಿ ಕುಳಿತು ನೇಯ್ದರೆ, ಅತ್ತೆ ಪಕ್ಕದಲ್ಲಿ ಕುಳಿತು ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತುವರು. ಅತ್ತೆ ಎಡಚಿ. ಉಣ್ಣುವುದೊಂದನ್ನು ಬಿಟ್ಟು ಎಲ್ಲವೂ ಎಡಗೈಯಲ್ಲೇ. ಹಳೆಯ ಹಾಸು, ಎಂದರೆ ಮಗ್ಗದ ಉದ್ದೆಳೆ, ಮುಗಿದಾಗ ಹೊಸ ಹಾಸಿನ ಎಳೆಗಳನ್ನು ಹಳೆಯ ಎಳೆಗಳಿಗೆ ಒಂದೊಂದಾಗಿ ಹೊಸೆದು ಕೂಡಿಸಬೇಕಲ್ಲವೇ, ನಾವು ಅದನ್ನು ಕೆಚ್ಚುವುದು ಎನ್ನುತ್ತೇವೆ. ಆ ಕೆಲಸದಲ್ಲಿ ಅತ್ತೆಯ ಎಡಗೈಗೆ ಓಣಿಯಲ್ಲೇ ಸಾಟಿ ಇರಲಿಲ್ಲ.

ಅಂಥ ತಂಗಿಯನ್ನು ನಿಜಾಮನ ರಾಜ್ಯದ ಹಳ್ಳಿಗೆ, ಎಂದರೆ ಅತ್ಯಂತ ದೂರದ ಪರದೇಶಕ್ಕೆ, ಮದುವೆ ಮಾಡಿಕೊಡಬೇಕಾಯಿತು. ದೊಡ್ಡಪ್ಪ ಹೇಗೆ ಒಪ್ಪಿದರು? ಭಾವಿ ಭಾವಮೈದುನ ಮೊದಲ ಭೇಟಿಯಲ್ಲೇ, "ನಮ್ಮದು ಒಣಭೂಮಿ, ಮನಿ ಸೋರತೈತಿ, ನಮ್ಮವ್ವ ಜಗಳಗಂಟಿ" ಎಂದು ಹೇಳಿದನಂತೆ. ಅಷ್ಟು ಸತ್ಯ ನುಡಿಯುವವನನ್ನು ದೊಡ್ಡಪ್ಪ ಅದುವರೆಗೆ ಕಂಡಿರಲಿಲ್ಲ!

ಆದರೆ ತಂಗಿಯ ಹೆಸರು ಹೇಳಿಕೊಂಡು ಯಾರಾದರೂ ಬಂದು ಮೋಸ ಮಾಡಿದರೆ? ಅದಕ್ಕೊಂದು ಗುರುತು ಗೊತ್ತುಮಾಡಿದರು. ಕೆಂಪು, ಹಳದಿ, ಕಪ್ಪು ಎಳೆಗಳನ್ನು ಕೂಡಿಸಿ ಅತ್ತೆ ಕೈಯಾರೆ ಹೊಸೆದ ಒಂದು ಗೇಣು ಹುರಿ. ಅವರ ಊರಿನಿಂದ ಖಬರ ತಂದವರು ಅದನ್ನು ತೋರಿಸಬೇಕು. ದೊಡ್ಡಪ್ಪ ಕಣ್ಣು ಮುಚ್ಚಿ, ಆ ಹುರಿಯನ್ನು ಬೆರಳುಗಳ ನಡುವೆ ಹೊರಳಿಸಿ, "ಹೂಂ, ಖರೆ ಐತಿ" ಎಂದ ಮೇಲೆಯೇ ಬಂದವರಿಗೆ ಮಣೆ. ಬಣ್ಣ ನೋಡಲು ಕಣ್ಣು ಬೇಕಲ್ಲ, ಇವರು ಕಣ್ಣು ಮುಚ್ಚುವುದೇಕೆ ಎಂದು ನಾವು ನಗುತ್ತಿದ್ದೆವು. ಅವರು ಏನನ್ನು ಪರೀಕ್ಷಿಸುತ್ತಿದ್ದಾರೆಂಬುದನ್ನು ನಮಗೆ ಹೇಳಲಿಲ್ಲ. ಅತ್ತೆಗೂ ಹೇಳಲಿಲ್ಲ.

ಪ್ರತಿ ವರ್ಷ ಪಂಚಮಿಗೆ ಅತ್ತೆ ತವರಿಗೆ ಬರುವರು. ಬಂದವರು ಹೊಸ್ತಿಲಲ್ಲೇ ನಿಲ್ಲಬೇಕು.

"ಅಣ್ಣಾ, ಖುದ್ದ ನಾನ ಬಂದೇನಿ, ನನಗೂ ಗುರುತು ಬೇಕೇನೋ?"

"ಬೇಕವಾ. ಯಾರರ ನಿನ್ನ ವೇಷ ಹಾಕ್ಕೊಂಡು ಬಂದ್ರ?"

"ನನ್ನ ವೇಷ ಹಾಕ್ಕೊಂಡು ಈ ಬಡ ಅಣ್ಣನ ಮನಿಗೆ ಬರಾಕ ಯಾರಿಗೆ ಹುಚ್ಚ ಹಿಡದೈತಿ!"

ಹೀಗೆಂದು ಅತ್ತೆ ಹೊಸ್ತಿಲಲ್ಲಿ ನಿಂತೇ ಹುರಿ ಹೊಸೆದು ಕೊಡುವರು. ದೊಡ್ಡಪ್ಪ ಕಣ್ಣು ಮುಚ್ಚಿ ಹೊರಳಿಸಿ, "ನಮ್ಮ ತಂಗೀನ ಐತಿ ನೋಡ್ರಿ" ಎಂದು ಓಣಿಗೆಲ್ಲ ಕೇಳುವಂತೆ ಸಾರುವರು. ಆಮೇಲೆಯೇ ನಗೆ, ಆಮೇಲೆಯೇ ಜೋಕಾಲಿ.

ಸ್ವಾತಂತ್ರ್ಯ ಬಂದಿತು. ಓಣಿಯಲ್ಲಿ ಸಕ್ಕರೆ ಹಂಚಿದರು. ದೊಡ್ಡಪ್ಪ ಮೊದಲು ನಾಲಿಗೆಯ ತುದಿಗೆ ಹಚ್ಚಿ, "ಸಕ್ಕರೀನ ಐತಿ" ಎಂದು ಖಾತ್ರಿ ಮಾಡಿಕೊಂಡು ತಿಂದರು. ಆದರೆ ಆ ಸಕ್ಕರೆ ಮುಂಡರಗಿಯ ಆಚೆಗೆ ಹೋಗಲಿಲ್ಲ. ನಿಜಾಮನ ರಾಜ್ಯದಲ್ಲಿ ಗದ್ದಲ ಹುಟ್ಟಿತು. ಜನ ಊರುಗಳನ್ನು ಬಿಟ್ಟು, ತಲೆಯ ಮೇಲೆ ಗಂಟು ಹೊತ್ತು, ಗಡಿ ದಾಟಿ ನಮ್ಮ ಕಡೆಗೆ ಬರತೊಡಗಿದರು. ಅವರ ನಡುವೆ ಸುಳ್ಳು ಹೇಳಿ ಬದುಕುವವರೂ ಸೇರಿಕೊಂಡಿದ್ದರು. "ನಿಮ್ಮ ಬೀಗರು ಸಂಕಷ್ಟದಾಗ ಅದಾರ" ಎಂದು ಹೇಳಿ ಕಾಳು, ಬಟ್ಟೆ ಒಯ್ದವರ ಕಥೆಗಳನ್ನು ನಾವೂ ಕೇಳಿದ್ದೆವು. ಅಂದರೆ ಆ ದಿನಗಳಲ್ಲಿ ದೊಡ್ಡಪ್ಪನ ಸಂಶಯ ಹುಚ್ಚಾಗಿರಲಿಲ್ಲ. ಅದನ್ನು ನ್ಯಾಯವಾಗಿ ಹೇಳಬೇಕು.

ಆ ವರ್ಷ ಪಂಚಮಿಗೆ ಅತ್ತೆ ಬರಲಿಲ್ಲ. ಕಟ್ಟಿದ ಜೋಕಾಲಿಯನ್ನು ದೊಡ್ಡಪ್ಪ ಬಿಚ್ಚಲು ಬಿಡಲಿಲ್ಲ. ರಜೆಗೆ ಬಂದ ನಾನು ನೋಡಿದಾಗ ಅವರು ಮಗ್ಗ ನಿಲ್ಲಿಸಿ, ಖಾಲಿ ಜೋಕಾಲಿಯ ಹಗ್ಗವನ್ನು ಎಳೆದೆಳೆದು ಗಟ್ಟಿಯಿದೆಯೇ ಎಂದು ಪರೀಕ್ಷಿಸುತ್ತಿದ್ದರು.

ಒಂದು ಮಧ್ಯಾಹ್ನ ಬಾಗಿಲಿಗೆ ಒಬ್ಬ ಮನುಷ್ಯ ಬಂದ. ತಲೆಗೆ ರುಮಾಲು, ಮೊಣಕಾಲಿನವರೆಗೆ ಕೆಸರು.

"ಯಜಮಾನ್ರ, ನಿಮ್ಮ ತಂಗಿ ಹೇಳಿ ಕಳಿಸ್ಯಾರ್ರಿ. ಅವರು ಊರು ಬಿಟ್ಟು ಬಂದಾರ. ದಾರ್ಯಾಗ ಎತ್ತು ಹ್ವಾದುವು. ಮನಿಯವರಿಗೆ ಜ್ವರ ಏರೈತಿ, ನಡಿಯಾಕ ಆಗವಲ್ದು. ಮುಂಡರಗಿ ಆಚಿ ಗಡಿ ಹಳ್ಳದ ದಂಡ್ಯಾಗ ಹನುಮಪ್ಪನ ಗುಡಿ ಐತಲ್ರಿ, ಅಲ್ಲಿ ಕುಂತಾರ. ಜಲ್ದಿ ಗಾಡಿ ತಗೊಂಡು ಬಾ, ಗದಗಿನ ದವಾಖಾನಿಗೆ ಮುಟ್ಟಸು ಅಂದಾರ್ರಿ."

ದೊಡ್ಡಪ್ಪನ ಮುಖ ಬಿಳುಪೇರಿತು. ಕೈ ಮಾತ್ರ ತಾನಾಗಿಯೇ ಮುಂದೆ ಬಂತು. "ಗುರುತು?"

ಆತ ರುಮಾಲಿನ ಮಡಿಕೆಯಿಂದ ಹುರಿಯನ್ನು ತೆಗೆದುಕೊಟ್ಟ. ಕೆಂಪು, ಹಳದಿ, ಕಪ್ಪು. ಅವ್ವ ಆಗಲೇ ದೇವರಿಗೆ ಕೈಮುಗಿದಿದ್ದಳು. ದೊಡ್ಡಪ್ಪ ಕಣ್ಣು ಮುಚ್ಚಿ ಹೊರಳಿಸಿದರು. ಮತ್ತೊಮ್ಮೆ ಹೊರಳಿಸಿದರು. ಅನಂತರ ಕಣ್ಣು ತೆರೆದು, ಸುಂಕದ ನಾಕಾದಲ್ಲಿ ನಕ್ಕಂತೆ ಮೀಸೆಯಲ್ಲಿ ನಕ್ಕರು.

"ಆತು, ನೀ ನಡಿ."

"ಗಾಡಿ, ಯಜಮಾನ್ರ?"

"ನಡಿ ಅಂದೆ."

"ಎಪ್ಪಾ, ಭಾಳ ದೂರಿಂದ ನಡಕೊಂತ ಬಂದೇನ್ರಿ. ಒಂದ ತಂಬಗಿ ನೀರರ ಕೊಡ್ರಿ."

"ನೀರಿನ ನೆವದಾಗ ಒಳಗ ಬರಾವ್ರನ್ನ ಭಾಳ ಮಂದಿ ನೋಡೇನಿ!"

ಅವ್ವ ಒಳಗಿನಿಂದ ತಂಬಿಗೆ ತರುವಷ್ಟರಲ್ಲಿ ಆತ ಓಣಿಯ ತಿರುವಿನಲ್ಲಿ ಮರೆಯಾಗಿದ್ದ. ಆಗ ದೊಡ್ಡಪ್ಪ ಜೀವಮಾನದ ಗುಟ್ಟನ್ನು ನಮ್ಮ ಮುಂದೆ ಬಿಚ್ಚಿದರು. ಅವರ ಧ್ವನಿಯಲ್ಲಿ ಗೆದ್ದವರ ನಡುಕವಿತ್ತು.

"ನಮ್ಮ ತಂಗಿ ಎಡಚಿ. ಆಕಿ ಹೊಸದ ಹುರಿ ಎಡಕ್ಕ ತಿರಗಿರತೈತಿ. ಇದು ಬಲಕ್ಕ ತಿರಗೈತಿ! ಬಣ್ಣ ಯಾರರ ಕದೀಬಹುದು, ಕೈ ಕದೀಲಿಕ್ಕೆ ಬರತೈತೇನು? ಇದು ನಮ್ಮ ತಂಗಿ ಕೈ ಅಲ್ಲ."

"ಭಾವಾರ, ಒಮ್ಮಿ ಹೋಗಿ ನೋಡಿ ಬಂದ್ರ ಏನ ಆಕ್ಕೈತ್ರಿ?" ಎಂದಳು ಅವ್ವ.

"ಹೋಗ್ಲಿ ಅಂತನ ಅವರು ಹಳ್ಳದಾಗ ಕಾಯಾಕತ್ತಾರ. ಗಾಡಿನೂ ಹೊಕ್ಕೈತಿ, ಜೀವನೂ ಹೊಕ್ಕೈತಿ."

"ನಾನು ಹೋಗಿ ಬರ್ತೇನಿ ದೊಡ್ಡಪ್ಪ" ಎಂದೆ.

"ನೀ ಓದಿದಾಂವ. ನಿನಗ ಮೋಸ ಮಾಡೂದು ಇನ್ನೂ ಹಗರ. ಕುಂಡ್ರು ಸುಮ್ನ."

ನಾನು ಅನೇಕ ಸಲ ಯೋಚಿಸಿದ್ದೇನೆ. 'ಇದು ಎಡಗೈಯ ಹುರಿಯಲ್ಲ' ಎಂಬ ಒಂದೇ ಮಾತನ್ನು ದೊಡ್ಡಪ್ಪ ಆ ಮನುಷ್ಯನ ಎದುರಿಗೆ ಆಡಿದ್ದರೆ? ಆದರೆ ತಾಯಿನಿಯಮ ಅಡ್ಡ ನಿಂತಿತ್ತು. ಠಕ್ಕನಿಗೆ ತಾನು ಎಲ್ಲಿ ಸಿಕ್ಕಿಬಿದ್ದೆನೆಂಬುದು ಗೊತ್ತಾಗಬಾರದಲ್ಲ!

ಅದಾಗಿ ಕೆಲವೇ ದಿನಗಳ ಮೇಲೆ, ಕಟ್ಟೆಯ ಮೇಲೆ ಕುಳಿತಿದ್ದ ದೊಡ್ಡಪ್ಪ ಒಮ್ಮೆಲೇ ಎದ್ದು ಕೂಗಿದರು: "ಬಂದ ನೋಡ್ರಿ, ಬಂದ! ಅದ ಠಕ್ಕ! ಈ ಸಲ ಯಾವ ನೂಲು ತಂದಾನ ಕೇಳ್ರಿ!" ಅದೇ ರುಮಾಲು, ಅದೇ ಕೆಸರು. ಓಣಿಯ ಜನ ಹೊರಗೆ ಬಂದರು. ಆತ ಪಕ್ಕಕ್ಕೆ ಸರಿದ. ಅವನ ಹಿಂದೆ ಅತ್ತೆ ನಿಂತಿದ್ದರು. ಹಣೆಯ ಮೇಲೆ ಕುಂಕುಮವಿರಲಿಲ್ಲ. ಎಡಗೈಗೆ ಸೀರೆಯ ಹರಕು ಸುತ್ತಿತ್ತು.

ಇಷ್ಟು ವರ್ಷದ ರೂಢಿ; ಅತ್ತೆ ಹೊಸ್ತಿಲಲ್ಲೇ ನಿಂತರು.

"ಗುರುತು ಹೊಸೀಲಿಕ್ಕೆ ಬರೂದಿಲ್ಲೋ ಅಣ್ಣಾ. ಊರು ಬಿಡೋ ಗಡಿಬಿಡ್ಯಾಗ ಕುದಿಯೋ ಅಂಬಲಿ ಗಡಿಗಿ ಕೈಮ್ಯಾಲೆ ಬಿತ್ತು. ಮೊನ್ನಿ ಕಳಿಸಿದ್ದು ಬಲಗೈಲೆ ಹೊಸದಿದ್ದೆ. ಚಂದ ಬಂದಿರಲಿಲ್ಲ."

ಅತ್ತೆಗೆ ತಾವು ಏನು ಹೇಳುತ್ತಿದ್ದೇವೆಂಬುದು ತಿಳಿದಿರಲಿಲ್ಲ. ದೊಡ್ಡಪ್ಪ ಹೊಸ್ತಿಲ ಮೇಲೆ ಕುಳಿತುಬಿಟ್ಟರು.

"ನೀ ಗಾಡಿ ಕಟ್ಟಿಕೊಂಡು ಹೊಂಟಿದ್ದೆಂತ, ನಾಕಾದಾಗ ಹಿಂದಕ್ಕ ಕಳಿಸಿದ್ರಂತ. ಈ ಎಪ್ಪ ಬಂದು ಎಲ್ಲಾ ಹೇಳಿದ. ನೀ ಮನಸಿಗೆ ಹಚ್ಚಿಕೋಬ್ಯಾಡಣ್ಣಾ. ಗುಡ್ಯಾಗ ಅವರ ಜೀವಾ ಹೋದ ಮ್ಯಾಲೆ ಮಣ್ಣು ಮಾಡಾಕ ಈ ಎಪ್ಪನ ಹೆಗಲು ಕೊಟ್ಟ."

ದೊಡ್ಡಪ್ಪ ತಲೆ ಎತ್ತಿ ಆ ಮನುಷ್ಯನನ್ನು ನೋಡಿದರು. ಆತ ಬೇರೆ ಕಡೆಗೆ ನೋಡಿದ. ದೊಡ್ಡಪ್ಪ ಜೀವನವಿಡೀ ಠಕ್ಕರನ್ನು ಹುಡುಕಿದ್ದರು; ಈತ ಹೇಳಿದ ಸುಳ್ಳು ಅದೊಂದೇ, ಅದೂ ದೊಡ್ಡಪ್ಪನಿಗಾಗಿ. ಅವ್ವ ನೀರಿನ ತಂಬಿಗೆ ತಂದಳು. ದೊಡ್ಡಪ್ಪ ಅದನ್ನು ಅವಳ ಕೈಯಿಂದ ಇಸಿದುಕೊಂಡು ತಾವೇ ಅವನಿಗೆ ಕೊಟ್ಟರು. ಆತ ಕುಡಿದು, ಬಾಯಿ ಒರೆಸಿಕೊಂಡು, "ಬರ್ತೇನ್ರಿ" ಎಂದು ಹೊರಟುಹೋದ. ಹೆಸರು ಕೇಳಲು ಯಾರಿಗೂ ಬಾಯಿ ಬರಲಿಲ್ಲ. ಅವನು ಮತ್ತೆ ಎಂದೂ ಬರಲಿಲ್ಲ. ದೊಡ್ಡಪ್ಪ ಮುಂಡರಗಿಯ ಸಂತೆಗಳಲ್ಲಿ ಬಹಳ ಹುಡುಕಿದರು.

ಅನಂತರದ ದೊಡ್ಡಪ್ಪ ಬೇರೆಯೇ ಮನುಷ್ಯ. ಯಾರು ಏನು ಹೇಳಿದರೂ ಹೊರಡುವುದೇ! "ನಿಮ್ಮ ಬಳಗದವರೊಬ್ರು ಸ್ಟೇಶನದಾಗ ಬಿದ್ದಾರ" ಎಂದು ಒಬ್ಬ ಹೇಳಿದರೆ ಉಣ್ಣುವ ರೊಟ್ಟಿಯನ್ನು ಬಿಟ್ಟು ಗಾಡಿ ಹೂಡಿಸುವರು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಅವರ ಹಳೆಯ ಕೀರ್ತಿಯನ್ನು ಬಲ್ಲ ಓಣಿಯ ಪುಂಡರಿಗೆ ಇದು ಆಟವಾಯಿತು. ಒಮ್ಮೆ ಮಳೆಯಲ್ಲಿ ತೊಯ್ದು ಬಂದವರನ್ನು ಕಂಡು ಅವ್ವ ಸಿಟ್ಟಾದಳು.

"ಮತ್ತ ಮೋಸ ಹೋದ್ರಲ್ರಿ ಭಾವಾರ!"

"ಹೋಗ್ಲಿ ಬಿಡವಾ" ಎಂದರು ದೊಡ್ಡಪ್ಪ, ತಲೆ ಒರೆಸಿಕೊಳ್ಳುತ್ತ. "ಯಾರಿಗೂ ಏನೂ ಆಗಿಲ್ಲ ಅಂತ ಗೊತ್ತಾತಲ್ಲ."

ಸಂಸ್ಥಾನಗಳು ಹೋದವು, ನಿಜಾಮನ ರಾಜ್ಯವೂ ಹೋಯಿತು. ಕರ್ನಾಟಕ ಒಂದಾದ ದಿನ ನಾನು ಪದವೀಧರನ ಉತ್ಸಾಹದಿಂದ ಮನೆಗೆ ಬಂದು, "ದೊಡ್ಡಪ್ಪ, ಇನ್ನು ಲಕ್ಷ್ಮೇಶ್ವರ, ಶಿರಹಟ್ಟಿ, ಅತ್ತೀ ಊರು, ಎಲ್ಲಾ ನಮ್ಮದ. ಪರದೇಶ ಅನ್ನೂದ ಉಳೀಲಿಲ್ಲ!" ಎಂದೆ. ಅಣ್ಣ ತಂಗಿ ಇಬ್ಬರೂ ಮಗ್ಗದ ಮುಂದೆ ಕುಳಿತು ಹೊಸ ಹಾಸನ್ನು ಕೆಚ್ಚುತ್ತಿದ್ದರು. ಅತ್ತೆಯ ಎಡಗೈ ಬೆರಳುಗಳು ಮಡಿಚಿಕೊಂಡೇ ಉಳಿದಿದ್ದವು. ಆದುದರಿಂದ ದೊಡ್ಡಪ್ಪ ಎರಡು ಎಳೆಗಳನ್ನು ಜೋಡಿಸಿ ಹಿಡಿಯುವರು, ಅತ್ತೆ ಬಲಗೈಯಿಂದ ಹೊಸೆಯುವರು.

ದೊಡ್ಡಪ್ಪ ನನ್ನ ಮಾತಿಗೆ ತಲೆ ಎತ್ತಲಿಲ್ಲ. "ಒಂದೀಟು ಮೊದಲ ಆಗಬೇಕಾಗಿತ್ತು" ಎಂದರು. ಆಮೇಲೆ ಎಳೆಯನ್ನೇ ನೋಡುತ್ತ ಹೇಳಿದರು:

"ತಂಗೀ, ಅವತ್ತ ನಾಕಾದಾಗ ನನ್ನ ಯಾರೂ ತಡದಿದ್ದಿಲ್ಲ. ನಾ ಹೊಂಟ ಇರಲಿಲ್ಲ."

ಅತ್ತೆಯ ಕೈ ಒಂದು ಕ್ಷಣ ನಿಂತಿತು.

"ಗೊತ್ತೈತಿ ಬಿಡೋ ಅಣ್ಣಾ. ಓಣ್ಯಾಗ ಇಷ್ಟು ಬಾಯಿ ಇದ್ದು ಗೊತ್ತಾಗದ ಇರತೈತೇನು? ಎಳಿ ಬಿಗಿ ಹಿಡಿ, ಜಾರಾಕತ್ತೈತಿ."

ಅವರು ಬಿಗಿಯಾಗಿ ಹಿಡಿದರು. ಅತ್ತೆ ಹೊಸೆದರು.

ಅತ್ತೆ ನಮ್ಮ ಮನೆಯಲ್ಲೇ ಉಳಿದರು. ದೊಡ್ಡಪ್ಪ ತೀರಿಕೊಂಡ ಮೇಲೆ ಎಳೆ ಹಿಡಿಯುವ ಕೆಲಸ ನನ್ನದಾಯಿತು. ನನ್ನ ಬೆರಳುಗಳಿಗೆ ಅದು ಇನ್ನೂ ಸರಿಯಾಗಿ ಬಂದಿಲ್ಲ, ಅತ್ತೆ ದಿನವೂ ಬೈಯುತ್ತಾರೆ. ಗುರುತು ಕೇಳುವ ಪದ್ಧತಿ ನಿಂತುಹೋಗಿದೆ. ಈಗ ನಮ್ಮ ಮನೆಯ ಬಾಗಿಲಿಗೆ ಯಾರೇ ಬರಲಿ, ಮೊದಲು ನೀರು ಕೊಡುತ್ತೇವೆ. ಹೆಸರನ್ನು ಆಮೇಲೆ ಕೇಳುತ್ತೇವೆ.